ಎಡಗಾಲು ಎಂಟು, ಬಲಗಾಲು ಏಳು

ಜೋಸ್ಲಿನ್ ಟೀಚರ್ ನಾಲ್ಕನೇ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಸಂದೇಶ ಹಾಕಿದಾಗ ನಾನು ಉಡುಪಿಯಿಂದ ಕಾಪುವಿಗೆ ಬರುವ ಬಸ್ಸಿನಲ್ಲಿ ನಿಂತಿದ್ದೆ. ಲ್ಯಾಬಿನಲ್ಲಿ ಇಡೀ ದಿನ ರಕ್ತದ ಬಾಟಲಿಗಳಿಗೆ ಹೆಸರು ಅಂಟಿಸಿ ಕಣ್ಣು ಉರಿಯುತ್ತಿತ್ತು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮಟ್ಟುಗುಳ್ಳ ಬದನೆಯ ಚೀಲ. ಕಟಪಾಡಿಯಲ್ಲಿ ಸೀಟು ಸಿಕ್ಕಿದ ಮೇಲೆ ಓದಿದೆ.

'ಪ್ರತಿಯೊಂದು ಮಗುವೂ ಶೂ ಪೆಟ್ಟಿಗೆಯೊಳಗೆ ನಮ್ಮ ಊರಿನ ಒಂದು ಜಾಗವನ್ನು ಮಾಡಿ ತರಬೇಕು. ಇದಕ್ಕೆ ಡಯೋರಮಾ ಎನ್ನುತ್ತಾರೆ. ಪೆಟ್ಟಿಗೆ ಶೂವಿನದ್ದೇ ಆಗಬೇಕು. ಡಿಸೆಂಬರ್ ಇಪ್ಪತ್ತಕ್ಕೆ ಪ್ರದರ್ಶನ. ದಯವಿಟ್ಟು ಮಕ್ಕಳೇ ಮಾಡಲಿ.'

ಕೆಳಗೆ ಪೋಷಕರ ಗಲಾಟೆ. ನಾವು ಚಪ್ಪಲಿ ತರುವುದು ಪ್ಲಾಸ್ಟಿಕ್ ಚೀಲದಲ್ಲಿ ಮಿಸ್. ಮಿಕ್ಸಿಯ ಪೆಟ್ಟಿಗೆ ಆಗಬಹುದಾ ಮಿಸ್. ಕೊನೆಗೆ ಯಾರೋ ಬರೆದಿದ್ದರು: 'ಜುಮಾನಾಳ ಅಜ್ಜನದ್ದು ಚಪ್ಪಲಿ ಅಂಗಡಿ ಉಂಟಲ್ವಾ?' ಅದರ ಕೆಳಗೆ ಸಾಲು ಸಾಲು ಹೆಬ್ಬೆರಳುಗಳು.

ಮನೆಗೆ ಬಂದರೆ ಮಗಳು ಜುಮಾನಾ ಬಾಗಿಲಲ್ಲೇ ನಿಂತಿದ್ದಳು.

"ಉಮ್ಮ, ನಾನು ಎಲ್ಲರಿಗೂ ತರುತ್ತೇನೆ ಅಂತ ಕ್ಲಾಸಿನಲ್ಲಿ ಹೇಳಿದೆ."

"ಎಷ್ಟು ಜನ?"

"ನನ್ನನ್ನು ಸೇರಿಸಿ ಮೂವತ್ತನಾಲ್ಕು."

"ಅಜ್ಜನನ್ನು ಕೇಳಿದೆಯಾ?"

"ಅಜ್ಜನ ಹತ್ತಿರ ಸಾವಿರ ಪೆಟ್ಟಿಗೆ ಉಂಟು. ಕೇಳುವುದು ಎಂತದ್ದು?"

ಅದು ಸುಳ್ಳಲ್ಲ. ನನ್ನ ಗಂಡ ಸುಹೈಲನ ತಂದೆ ಮೊಯ್ದೀನ್, ನಮ್ಮ ಬಾಪ, ಕಾಪು ಪೇಟೆಯಲ್ಲಿ ನಲವತ್ತಮೂರು ವರ್ಷದಿಂದ ಚಪ್ಪಲಿ ಅಂಗಡಿ ಇಟ್ಟವರು. ಅಂಗಡಿಯ ಮೂರು ಗೋಡೆಗೂ ನೆಲದಿಂದ ಸೂರಿನವರೆಗೆ ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯ ಮೂತಿಗೆ ಬಾಪನ ಸೀಮೆಸುಣ್ಣದ ನಂಬರು. ದಾರಿಯಲ್ಲಿ ಹೋಗುವವರು ನೋಡಿದರೆ, ಮೊಯ್ದೀನಾಕನಿಗೇನು, ಮಾಲು ತುಂಬಿ ತುಳುಕುತ್ತಿದೆ ಎನ್ನಬೇಕು.

ಆದರೆ ಸುಹೈಲ್ ಹಾಗೆ ಹೇಳುತ್ತಿರಲಿಲ್ಲ. ಅವನು ಆರು ವರ್ಷದಿಂದ ಮಣಿಪಾಲದ ಒಂದು ಶೂ ಶೋರೂಮಿನಲ್ಲಿ ಸೇಲ್ಸ್‌ಮನ್. ಕಾಪು ಪೇಟೆಯ ಆ ಕೋಣೆಯನ್ನು ಚಹಾದ ಕಂಪೆನಿಯೊಂದು ಬಾಡಿಗೆಗೆ ಕೇಳಿತ್ತು. ಜನವರಿಗೆ ಬೇಕು, ವರ್ಷದ ಕೊನೆಯೊಳಗೆ ಉತ್ತರ ಕೊಡಿ ಎಂದಿತ್ತು. ಕೊಡೋಣ ಎಂದಿದ್ದ ಸುಹೈಲ್. ಬಾಪ ಒಂದೇ ಮಾತು ಹೇಳಿದ್ದರು: "ಅಂಗಡಿಯಲ್ಲಿ ಮಾಲು ಇರುವವರೆಗೆ ಆ ಮಾತು ನನ್ನ ಎದುರು ಎತ್ತಬೇಡ." ಅಷ್ಟು ಮಾಲನ್ನು ನೋಡಿ ಸುಹೈಲ್ ಸುಮ್ಮನಾಗಿದ್ದ.

ಆ ಸಂಜೆ ಊಟಕ್ಕೆ ಗುಳ್ಳ ಮತ್ತು ಒಣ ಸಿಗಡಿಯ ಸಾರು. ಜುಮಾನಾ ಗುಳ್ಳದ ಹೋಳುಗಳನ್ನು ತಟ್ಟೆಯ ಅಂಚಿಗೆ ತಳ್ಳುತ್ತಾ ಶುರು ಮಾಡಿದಳು.

"ಅಜ್ಜ, ಮೂವತ್ತನಾಲ್ಕು ಪೆಟ್ಟಿಗೆ ಬೇಕು."

"ಎಂತಕ್ಕೆ? ಮದುವೆ ಉಂಟಾ?"

"ಪ್ರಾಜೆಕ್ಟ್. ಖಾಲಿ ಪೆಟ್ಟಿಗೆ ಸಾಕು, ಶೂ ಬೇಡ."

"ಖಾಲಿ ಪೆಟ್ಟಿಗೆ ನನ್ನಲ್ಲಿ ಒಂದೂ ಇಲ್ಲ. ಎಲ್ಲದರಲ್ಲೂ ಮಾಲು ಉಂಟು."

"ಮಾಲು ಉಂಟು, ಗಿರಾಕಿ ಮಾತ್ರ ಇಲ್ಲ" ಎಂದ ಸುಹೈಲ್.

"ನಿನ್ನ ಶೋರೂಮಿನಿಂದ ತಂದುಕೊಡು. ದೊಡ್ಡ ಜನ."

"ನಮ್ಮಲ್ಲಿ ಪೆಟ್ಟಿಗೆಗೂ ಬಾರ್‌ಕೋಡ್ ಉಂಟು ಬಾಪ. ಒಂದು ಕಡಿಮೆಯಾದರೆ ಮ್ಯಾನೇಜರ್ ನಮ್ಮ ಅಂಗಿಯೊಳಗೆ ಹುಡುಕುತ್ತಾನೆ."

"ಬಾಪ, ಒಂದು ಹತ್ತಾದರೂ..." ಎಂದೆ ನಾನು. ಗುಂಪಿನ ಹೆಬ್ಬೆರಳುಗಳು ಕಣ್ಣ ಮುಂದೆ ಇದ್ದವು.

"ಇಲ್ಲ ಎಂದರೆ ಇಲ್ಲ ಮೆಹರುನ್ನಿಸಾ."

ನನ್ನನ್ನು ಅವರು ಮೆಹರು ಎಂದೇ ಕರೆಯುವುದು. ಪೂರ್ತಿ ಹೆಸರು ಬಂದರೆ ಮಾತು ಮುಗಿಯಿತು. ಗಿರಾಕಿಗೆ ಕೇಳದೆಯೇ ಒಂದು ಜೊತೆ ಲೇಸು ಕಟ್ಟಿಕೊಡುವ ಮನುಷ್ಯ ರಟ್ಟಿನ ಪೆಟ್ಟಿಗೆಗೆ ಯಾಕೆ ಹೀಗೆ ಕೈ ಬಿಗಿ ಹಿಡಿದರು ಎಂದು ನನಗೆ ತಿಳಿಯಲಿಲ್ಲ. ಜುಮಾನಾ ಅತ್ತಳು. ಅತ್ತರೂ ಗುಳ್ಳ ತಿನ್ನಲಿಲ್ಲ.

ಮುಂದಿನ ಶುಕ್ರವಾರ ಟೀಚರ್‌ಗಳಿಗೆ ತರಬೇತಿ, ಶಾಲೆಗೆ ರಜೆ. ಸುಹೈಲನ ವಾರದ ರಜೆಯೂ ಅಂದೇ. ನಾನು ಲ್ಯಾಬಿಗೆ ಹೇಳಿ ಮನೆಯಲ್ಲಿದ್ದೆ. ಜುಮಾ ನಮಾಝಿನ ಹೊತ್ತಿಗೆ ಬಾಪ ಅಂಗಡಿ ಮುಚ್ಚುವುದು ಪದ್ಧತಿ. ಅಂದು ಮಾತ್ರ ನನಗೆ ಬುಲಾವ್ ಬಂತು.

"ಮೆಹರು, ಒಂದು ಗಂಟೆ ಕುಳಿತುಕೋ. ಲೂಯಿಸ್ ಡ್ರೈವರಿನ ಬಲಗಾಲಿನ ಶೂವಿಗೆ ಒಳಗಿನ ಸೋಲ್ ಅಂಟಿಸಿ ಬಿಸಿಲಿಗೆ ಇಟ್ಟಿದ್ದೇನೆ. ನಾಯಿ ಕಚ್ಚಿಕೊಂಡು ಹೋಗುತ್ತದೆ."

ಲೂಯಿಸ್ ಬೆಳ್ಮಣ್ಣಿನವರು. ಕಾರ್ಕಳ ಉಡುಪಿ ಬಸ್ಸಿನಲ್ಲಿ ಮೂವತ್ತು ವರ್ಷ ಡ್ರೈವರ್ ಆಗಿದ್ದವರು. ಅವರ ಎಡಗಾಲಿಗೆ ಎಂಟು ನಂಬರ್, ಬಲಗಾಲಿಗೆ ಏಳು. ಕ್ಲಚ್ ಒತ್ತಿ ಒತ್ತಿ ಎಡಗಾಲು ಬೆಳೆಯಿತು ಎಂದು ಅವರ ವಾದ. ಪ್ರತಿ ಕ್ರಿಸ್ಮಸ್‌ಗೆ ಮುಂಚೆ ಬಂದು ಒಂದು ಜೊತೆ ಕಪ್ಪು ಶೂ ತೆಗೆದುಕೊಂಡು ಹೋಗುತ್ತಾರೆ. ಅದಕ್ಕಾಗಿ ಬಾಪ ಒಂದೇ ಮಾದರಿಯ ಎರಡು ಜೊತೆ ಬಿಚ್ಚಿ, ಎಂಟರದ್ದು ಎಡ, ಏಳರದ್ದು ಬಲ ಕೊಡುತ್ತಾರೆ. ಇದು ಇಡೀ ಮನೆಗೆ ಗೊತ್ತಿದ್ದ ಸಂಗತಿ. ಉಳಿದ ಎರಡು ಶೂ ಎಂತಾಗುತ್ತದೆ ಎಂದು ಮಾತ್ರ ನಾವು ಯಾರೂ ಕೇಳಿರಲಿಲ್ಲ.

ಜುಮಾನಾಳನ್ನೂ ಕರೆದುಕೊಂಡು ಹೋಗಿ ನಾನು ಮೆಟ್ಟಿಲ ಮೇಲೆ ಶೂ ಕಾಯುತ್ತಾ ಕುಳಿತೆ. ಒಳಗೆ ಏಣಿ ಎಳೆದ ಸದ್ದಾಯಿತು.

"ಜುಮ್ಮು, ಇಳಿ ಕೆಳಗೆ!"

"ಉಮ್ಮ, ಇದು ಖಾಲಿ."

"ಮುಟ್ಟಬೇಡ ಅಂತ ಅಜ್ಜ ಹೇಳಿಲ್ವಾ?"

"ಇದೂ ಖಾಲಿ. ಇದೂ. ಉಮ್ಮ, ಈ ಸಾಲು ಪೂರ್ತಿ ಖಾಲಿ!"

ನಾನು ಎದ್ದು ಹೋದೆ. ಮೇಲಿನಿಂದ ಅವಳು ಕೊಟ್ಟ ಪೆಟ್ಟಿಗೆ ನನ್ನ ಕೈಗೆ ತೂಕವೇ ಇಲ್ಲದೆ ಬಂತು. ಒಳಗೆ ಮಡಚಿದ ಹಳೆಯ ಪೇಪರು. ಎರಡನೇ ಗೋಡೆಗೆ ಕೈ ಹಾಕಿದೆ, ಅಲ್ಲೂ ಹಾಗೆ. ಕೆಳಗಿನ ಒಂದು ಸಾಲು ಮಾತ್ರ ಭಾರವಿತ್ತು. ಎದುರಿಗೆ ತೂಗುಹಾಕಿದ ಹವಾಯಿ ಚಪ್ಪಲಿ, ಮಕ್ಕಳ ಕಪ್ಪು ಶೂ ಬಿಟ್ಟರೆ ಅಂಗಡಿಯಲ್ಲಿ ಮಾರುವುದಕ್ಕೆ ಏನೂ ಇರಲಿಲ್ಲ.

ನಾನು ಸುಮ್ಮನೆ ನಿಂತುಬಿಟ್ಟೆ. ಜುಮಾನಾ ನಿಲ್ಲಲಿಲ್ಲ. "ಹದಿನೆಂಟು, ಹತ್ತೊಂಬತ್ತು" ಎನ್ನುತ್ತಾ ಬಾಗಿಲಿನವರೆಗೂ ಗೋಪುರ ಕಟ್ಟಿದಳು. ವಾಪಸ್ ಇಡು ಎಂದು ನಾನು ಹೇಳುವ ಹೊತ್ತಿಗೆ ಮಸೀದಿಯಿಂದ ಜನ ಹೊರಟಾಗಿತ್ತು. ಬಿಳಿ ಟೊಪ್ಪಿಗಳ ನಡುವೆ ಬಾಪ ಮತ್ತು ಸುಹೈಲ್ ಒಟ್ಟಿಗೇ ಬಂದರು.

"ಅಜ್ಜ, ನೀವು ಸುಳ್ಳು ಹೇಳಿದ್ದು! ಎಷ್ಟೊಂದು ಖಾಲಿ ಉಂಟು!"

ಸುಹೈಲ್ ಒಂದು ಪೆಟ್ಟಿಗೆಯನ್ನು ಕಾಲಿನಿಂದ ಮೆಲ್ಲನೆ ತಳ್ಳಿದ. ಅದು ಜಾರಿ ರಸ್ತೆಗೆ ಬಿತ್ತು. ಒಳಗೆ ಹೋಗಿ ಗೋಡೆಯ ಪೆಟ್ಟಿಗೆಗಳನ್ನು ಬೆರಳಿನಿಂದ ತಟ್ಟುತ್ತಾ ಬಂದ, ತೆಂಗಿನಕಾಯಿ ತಟ್ಟಿ ನೋಡುವ ಹಾಗೆ.

"ಎಷ್ಟು ಸಮಯದಿಂದ ಬಾಪ?"

"ಖಾಲಿ ಅಂಗಡಿಯ ಮೆಟ್ಟಿಲನ್ನು ಗಿರಾಕಿ ಹತ್ತುವುದಿಲ್ಲ. ಅದು ವ್ಯಾಪಾರ. ನಿನಗೆ ಗೊತ್ತಾಗುವುದಿಲ್ಲ."

"ನಾನು ಗಿರಾಕಿಯಾ? ನನಗೆ ಯಾಕೆ ಸುಳ್ಳು?"

"ನಿನ್ನ ಶೋರೂಮಿನಲ್ಲಿ ಗಾಜಿನೊಳಗೆ ಒಂದೇ ಕಾಲಿನ ಶೂ ಇಡುತ್ತೀರಲ್ಲ, ಅದು ಸುಳ್ಳಲ್ವಾ?"

"ಅದರ ಜೋಡಿ ಗೋಡೌನಿನಲ್ಲಿ ಉಂಟು ಬಾಪ. ನಿಮ್ಮದು ಎಲ್ಲುಂಟು?"

ಎದುರಿನ ಮೆಡಿಕಲ್‌ನವನು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದ. "ಮನೆಗೆ ಹೋಗಿ ಮಾತಾಡುವಾ" ಎಂದೆ. ಯಾರೂ ಕೇಳಲಿಲ್ಲ.

"ನಾಳೆಯೇ ಚಹಾದವನಿಗೆ ಹೂಂ ಅನ್ನುತ್ತೇನೆ" ಎಂದ ಸುಹೈಲ್.

"ಹೇಳಿ ನೋಡು. ಈ ಅಂಗಡಿ ಇನ್ನಿಲ್ಲ ಎಂದು ಹೇಳುವುದಿದ್ದರೆ ಅದು ನನ್ನ ಬಾಯಿಂದ. ಬೇರೆಯವರು ಹೇಳಿದರೆ ನಾನು ಈ ಮೆಟ್ಟಿಲಿನಿಂದ ಏಳುವುದಿಲ್ಲ."

ಬಾಪ ಬಿಸಿಲಿನಲ್ಲಿದ್ದ ಶೂ ಎತ್ತಿ ಗಲ್ಲಾದ ಮೇಲಿಟ್ಟು ಮನೆಗೆ ನಡೆದರು. ಸುಹೈಲ್ ಅಂಗಡಿಯಲ್ಲೇ ಉಳಿದ. ಸಿಟ್ಟಿನಲ್ಲಿ ಎರಡು ಗೋಣಿಚೀಲ ತಂದು, ಜುಮಾನಾ ಇಳಿಸಿದ್ದವು ಸಾಲದ್ದಕ್ಕೆ ಗಲ್ಲಾದ ಹಿಂದಿನವನ್ನೂ ಎಳೆದು ತುಂಬಿಸಿದ. "ಇನ್ನು ಮುಚ್ಚಿಡುವುದು ಎಂತದ್ದು? ಮಕ್ಕಳಾದರೂ ಆಡಲಿ" ಎಂದ. ಮರುದಿನ ಬೆಳಿಗ್ಗೆ ಸ್ಕೂಟರಿನಲ್ಲಿ ಶಾಲೆಗೆ ಮುಟ್ಟಿಸಿಯೂ ಬಂದ. ಗುಂಪಿನಲ್ಲಿ ನನಗೆ ಮೂವತ್ತಮೂರು ಧನ್ಯವಾದ ಬಂತು. ಒಂದಕ್ಕೂ ಉತ್ತರ ಕೊಡುವ ಮನಸ್ಸಾಗಲಿಲ್ಲ.

ಆಮೇಲಿನ ಎರಡು ವಾರ ಮನೆಯಲ್ಲಿ ತಟ್ಟೆಗಳ ಸದ್ದು ಮಾತ್ರ. ಬಾಪ ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತುತ್ತಿದ್ದರು, ಹಲ್ಲು ಉದುರಿದ ಹಾಗಿದ್ದ ಗೋಡೆಗಳ ನಡುವೆ ಕುಳಿತಿರುತ್ತಿದ್ದರು. ಮಧ್ಯಾಹ್ನಕ್ಕೆ ಮನೆಗೆ ಬರುವುದನ್ನು ನಿಲ್ಲಿಸಿದರು. ನಾನು ಬೆಳಿಗ್ಗೆ ಬಸ್ಸಿಗೆ ಓಡುವ ಮೊದಲು ಗಂಜಿ, ಬಂಗುಡೆ ಮೀನಿನ ಪುಳಿಮುಂಚಿ ಕಟ್ಟಿ ಕೊಡಬೇಕು. ಸುಹೈಲ್ ಬಂದರೆ ಬಾಪ ಏಳುತ್ತಾರೆ, ಬಾಪ ಕುಳಿತರೆ ಸುಹೈಲನಿಗೆ ಹಸಿವಿಲ್ಲ. ಒಂದು ಅಡುಗೆಯನ್ನು ಮೂರು ಸಲ ಬಿಸಿ ಮಾಡಿ ನನಗೆ ಸಾಕಾಗಿತ್ತು.

"ನಿಮ್ಮಿಬ್ಬರಿಗೂ ಇನ್ನು ನಾನು ಗಂಟೆ ಹೊಡೆಯುತ್ತೇನೆ" ಎಂದೆ ಒಂದು ದಿನ. "ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್."

ಜುಮಾನಾ ಮಾತ್ರ ನಗಾಡಿದಳು.

ಅವಳ ಡಯೋರಮಾ ಅಜ್ಜನ ಅಂಗಡಿ. ಪೆಟ್ಟಿಗೆಯನ್ನು ಅಡ್ಡ ಮಲಗಿಸಿ, ರಟ್ಟಿನ ಹಲಗೆ ಕತ್ತರಿಸಿ ಅಂಟಿಸುತ್ತಿದ್ದಳು. ಬಾಪ ಮೂರು ದಿನ ನೋಡಿದರೂ ನೋಡದ ಹಾಗೆ ಹೋದರು. ನಾಲ್ಕನೆಯ ದಿನ ತಡೆಯಲಾಗಲಿಲ್ಲ.

"ಹಲಗೆ ಓರೆ ಉಂಟು. ಹೀಗಿದ್ದರೆ ಮಾಲು ಗಿರಾಕಿಯ ತಲೆಗೆ ಬೀಳುತ್ತದೆ."

"ಮಾಲು ಇಲ್ಲ ಅಜ್ಜ. ಖಾಲಿ ಬಿಡುತ್ತೇನೆ. ಈಗ ಹಾಗೆಯೇ ಅಲ್ವಾ ಇರುವುದು?"

ನಾನು ಒಗ್ಗರಣೆ ಸೌಟು ಹಿಡಿದು ನಿಂತೆ. ಬಾಪ ಚಪ್ಪಲಿ ಮೆಟ್ಟಿ ಹೊರಟುಹೋದರು. ಅರ್ಧ ಗಂಟೆಯಲ್ಲಿ ಒಂದು ಚೀಲ ಬೆಂಕಿಪೊಟ್ಟಣ ಹಿಡಿದು ಬಂದು ಅವಳ ಎದುರು ಚಕ್ಕಳಮಕ್ಕಳ ಹಾಕಿ ಕುಳಿತರು.

"ಕಡ್ಡಿ ಎಲ್ಲ ಡಬ್ಬಿಗೆ ಹಾಕು, ಉಮ್ಮನಿಗೆ ಬೇಕಾಗುತ್ತದೆ. ಪೊಟ್ಟಣ ಇಲ್ಲಿ ಕೊಡು."

"ಮತ್ತೆ ಖಾಲಿಯದ್ದೇ ಇಡುವುದಾ?"

"ಇಡು ಮಾರಾಯ್ತಿ. ನಿನ್ನ ಟೀಚರ್ ಏಣಿ ಹತ್ತಿ ನೋಡುವುದಿಲ್ಲ."

ಜೇಡಿಮಣ್ಣಿನಲ್ಲಿ ಅವಳು ಅಜ್ಜನನ್ನೂ ಮಾಡಿದಳು. ಸ್ಟೂಲಿನ ಮೇಲೆ ಬಗ್ಗಿ ಕುಳಿತ ಅಜ್ಜ.

"ನಾನು ಇಷ್ಟು ಗೂನಾ?"

"ಕಾಲು ನೋಡುವಾಗ ನೀವು ಹೀಗೇ ಇರುವುದು."

ಡಿಸೆಂಬರ್ ಹದಿನೇಳಕ್ಕೆ ಬಾಪ ಎಂದಿಗಿಂತ ಬೇಗ ಮನೆಗೆ ಬಂದರು. ಕೈಕಾಲು ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಮೆಹರು, ಆ ಶುಕ್ರವಾರ ಗಲ್ಲಾದ ಹಿಂದೆ ಒಂದು ಪೆಟ್ಟಿಗೆ ಇತ್ತು. ಲೂಯಿಸ್‌ನ ಎಡಗಾಲಿನದ್ದು ಅದರಲ್ಲಿತ್ತು. ನೋಡಿದೆಯಾ?"

ಗಲ್ಲಾದ ಹಿಂದಿನವನ್ನು ಚೀಲಕ್ಕೆ ತುಂಬಿಸಿದವನು ಸುಹೈಲ್. ಅವನು ಆಗಷ್ಟೇ ಒಳಗೆ ಬಂದು ಶರ್ಟಿನ ಗುಂಡಿ ಬಿಚ್ಚುತ್ತಿದ್ದ. ಅವನ ಕೈ ನಿಂತಿತು.

"ಎರಡು ವಾರದಿಂದ ಹುಡುಕುತ್ತಿದ್ದೇನೆ" ಎಂದರು ಬಾಪ, ನನ್ನನ್ನೇ ನೋಡುತ್ತಾ. "ಇವತ್ತು ಅವನು ಬಂದ. ಬೆಳ್ಮಣ್ಣಿನಿಂದ ಎರಡು ಬಸ್ ಹತ್ತಿ. ಇನ್ನೂ ಒಣಗಿಲ್ಲ, ಸೋಮವಾರ ಬಾ ಎಂದೆ. ನಲವತ್ತಮೂರು ವರ್ಷದಲ್ಲಿ ಗಿರಾಕಿಗೆ ಹೋಗಿ ಬಾ ಎಂದದ್ದು ಇವತ್ತೇ."

"ಇನ್ನೊಂದು ಜೊತೆ ತರಿಸಿದರೆ?"

"ಆ ಮಾದರಿ ಈಗ ಬರುವುದಿಲ್ಲ. ಇದೇ ಕೊನೆಯದ್ದು."

ಸುಹೈಲ್ ನನ್ನ ಫೋನು ತೆಗೆದುಕೊಂಡು ಗುಂಪಿಗೆ ಬರೆದ: 'ಯಾರ ಪೆಟ್ಟಿಗೆಯಲ್ಲಾದರೂ ಒಂದು ಶೂ ಇತ್ತಾ?' ಯಾರೂ ಇತ್ತು ಎನ್ನಲಿಲ್ಲ. ಮಕ್ಕಳ ಪ್ರಾಜೆಕ್ಟ್ ಮಕ್ಕಳೇ ಮಾಡುತ್ತಿದ್ದುದರಿಂದ ತಾಯಂದಿರಿಗೆ ಗೊತ್ತಿರಲಿಲ್ಲ. ಜೋಸ್ಲಿನ್ ಟೀಚರ್‌ಗೆ ಮೊದಲ ಸಲ ಗೆಲುವು ಸಿಕ್ಕಿತ್ತು.

ಶನಿವಾರ ಸುಹೈಲ್ ರಜೆ ಹಾಕಿದ. ಕ್ರಿಸ್ಮಸ್ ವ್ಯಾಪಾರದ ವಾರದಲ್ಲಿ ರಜೆಯಾ ಎಂದು ಮ್ಯಾನೇಜರ್ ಬೈದನಂತೆ. ಬಾಪನೂ ಬಂದರು. ಇಬ್ಬರೂ ನನ್ನ ಎಡ ಬಲಕ್ಕೆ ನಡೆದರು.

ಶಾಲೆಯ ಸಭಾಂಗಣದಲ್ಲಿ ಬೆಂಚುಗಳ ಮೇಲೆ ಮೂವತ್ತನಾಲ್ಕು ಪೆಟ್ಟಿಗೆ. ಹನ್ನೊಂದು ಕಾಪು ಲೈಟ್‌ಹೌಸ್. ಕಾರ್ಕಳದ ಬೆಟ್ಟ ಮಾಡಿದವನ ಹಿಟ್ಟಿಗೆ ಇರುವೆ ಹತ್ತಿತ್ತು. ಮಣಿಪಾಲದ ಲಿಫ್ಟ್ ಮಾಡಿದ ಹುಡುಗಿ ದಾರ ಎಳೆದೆಳೆದು ತುಂಡು ಮಾಡಿದ್ದಳು. ಎಲ್ಲರೂ ಬಗ್ಗಿ ಪೆಟ್ಟಿಗೆಯ ಒಳಗೆ ನೋಡುತ್ತಿದ್ದರೆ, ಬಾಪ ಮಾತ್ರ ಬೆಂಚುಗಳ ಆಚೆ ಬದಿಗೆ ಹೋಗಿ ಪೆಟ್ಟಿಗೆಗಳ ಮೂತಿ ನೋಡುತ್ತಾ ನಡೆದರು.

"ಅಂಕಲ್, ಮಕ್ಕಳು ಮಾಡಿದ್ದು ಈ ಕಡೆ ಉಂಟು" ಎಂದರು ಟೀಚರ್.

"ಇರಲಿ ಟೀಚರ್. ನನ್ನದು ಈ ಕಡೆ ಉಂಟು." ಒಂದು ಪೆಟ್ಟಿಗೆಯ ಸೀಮೆಸುಣ್ಣದ ಗುರುತಿನ ಮೇಲೆ ಬೆರಳಿಟ್ಟರು. "ಒಂಬತ್ತು. ಇದು ಶೀನ ಮೇಸ್ತ್ರಿ ತೆಗೆದುಕೊಂಡದ್ದು, ಮಗಳ ಮದುವೆಗೆ. ಇದು ರೋಸಿ ಬಾಯಿ, ಐದು ನಂಬರ್, ಹಿಮ್ಮಡಿ ಕಚ್ಚುತ್ತದೆ ಎಂದು ಮೂರು ಸಲ ಬಂದಿದ್ದಾರೆ."

ಸುಹೈಲ್ ಹಿಂದೆಯೇ ನಡೆಯುತ್ತಿದ್ದ. ಒಂದು ಪೆಟ್ಟಿಗೆಯ ಹತ್ತಿರ ಬಾಪ ಗಕ್ಕನೆ ನಿಂತರು. ಮೂತಿಯ ಮೇಲೆ ಸೀಮೆಸುಣ್ಣದ 'ಎಂಟು, ಏಳು' ಅರ್ಧ ಅಳಿಸಿತ್ತು. ಈ ಕಡೆ ಬಂದು ಒಳಗೆ ನೋಡಿದರು.

ಕಾಪುವಿನ ಕಡಲು. ನೀಲಿ ಅಂಟಿನ ಅಲೆಗಳು. ಅವುಗಳ ಮೇಲೆ ಮೀನು ಹಿಡಿಯುವ ದೋಣಿಯಾಗಿ ತೇಲುತ್ತಿದ್ದುದು ಲೂಯಿಸ್ ಡ್ರೈವರಿನ ಎಡಗಾಲಿನ ಕಪ್ಪು ಶೂ. ಬದಿಗೆ ಬಿಳಿ ಪಟ್ಟಿ, ನಡುವೆ ಊದುಕಡ್ಡಿಯ ಕಂಬ, ಒಳಗೆ ಮಣ್ಣಿನ ಬಂಗುಡೆಗಳು. ಎದುರು ಎದೆಯುಬ್ಬಿಸಿ ನಿಂತಿದ್ದವನು ಪ್ರಖ್ಯಾತ್ ಎಂಬ ಹುಡುಗ.

ಸುಹೈಲ್ ಕೈ ಹಾಕಿಯೇಬಿಟ್ಟ. "ಇದು ನಮ್ಮದು."

"ಮಿಸ್! ನನ್ನ ದೋಣಿ!" ಪ್ರಖ್ಯಾತನ ಕಣ್ಣಲ್ಲಿ ನೀರು. "ಎಲ್ಲರ ಪೆಟ್ಟಿಗೆಯಲ್ಲೂ ಒಂದೊಂದು ಶೂ ಕೊಟ್ಟಿದ್ದಾರೆ ಅಂತ ಮಾಡಿದೆ."

ಬಾಪ ಮಗನ ಮಣಿಕಟ್ಟು ಹಿಡಿದರು. ಎರಡು ವಾರದಲ್ಲಿ ಅವನನ್ನು ಮುಟ್ಟಿದ್ದು ಅದೇ ಮೊದಲು.

"ಬಿಡು. ಪ್ರದರ್ಶನ ನಾಲ್ಕು ಗಂಟೆಯವರೆಗೆ ಉಂಟು." ಹುಡುಗನ ಎದುರು ಕುಕ್ಕರಗಾಲಲ್ಲಿ ಕುಳಿತರು. "ಒಳ್ಳೆಯ ದೋಣಿ ಮಗಾ. ನಾಲ್ಕು ಗಂಟೆಗೆ ದಡಕ್ಕೆ ಬರಬಹುದಾ? ಅದಕ್ಕೆ ಬೆಳ್ಮಣ್ಣಿನಲ್ಲಿ ಒಬ್ಬರು ಕಾಯುತ್ತಿದ್ದಾರೆ."

ಪ್ರಖ್ಯಾತ್ ಮೂಗು ಒರೆಸಿಕೊಂಡು ಯೋಚಿಸಿದ. "ಬದಲು ಎಂತ ಕೊಡುತ್ತೀರಿ?"

ಸುಹೈಲ್ ಹೊರಗೆ ಓಡಿದ. ಅಂಗಡಿ ಅಲ್ಲಿಂದ ಐದು ನಿಮಿಷ. ಇಪ್ಪತ್ತು ನಿಮಿಷದಲ್ಲಿ ಲೂಯಿಸ್‌ರ ಬಲಗಾಲಿನ ಶೂ ಮತ್ತು ಇನ್ನೊಂದು ಕಪ್ಪು ಶೂ ಹಿಡಿದು ಬಂದ. ಮುಖ ವಿಚಿತ್ರವಾಗಿತ್ತು.

"ಬಾಪ, ಕೆಳಗಿನ ಸಾಲು ತೆರೆದೆ. ಹನ್ನೊಂದು ಪೆಟ್ಟಿಗೆ. ಎಲ್ಲದರಲ್ಲೂ ಎಡ ಏಳು, ಬಲ ಎಂಟು. ಇದೆಂತ?"

"ಲೂಯಿಸ್‌ನದ್ದು ತೆಗೆದು ಉಳಿದದ್ದು. ವರ್ಷಕ್ಕೆ ಒಂದು."

"ಯಾರು ಹಾಕುತ್ತಾರೆ ಇದನ್ನು?"

"ಬಲಗಾಲು ದೊಡ್ಡದಿರುವವನು. ಎಡಗಾಲು ದೊಡ್ಡವನನ್ನು ಮಾಡಿದ ಅಲ್ಲಾಹು ಅವನನ್ನೂ ಮಾಡಿರುತ್ತಾನೆ. ಇನ್ನೂ ನಮ್ಮ ಅಂಗಡಿಗೆ ಬಂದಿಲ್ಲ, ಅಷ್ಟೆ." ಸುಹೈಲನ ಕೈಯಲ್ಲಿದ್ದ ಎರಡನೇ ಶೂ ಕಸಿದುಕೊಂಡರು. "ಇದನ್ನು ದೋಣಿ ಮಾಡಲಿಕ್ಕೆ ಕೊಡುವುದಿಲ್ಲ. ಇದಕ್ಕೆ ಜನ ಉಂಟು."

ಸುಹೈಲ್ ತಂದೆಯ ಮುಖವನ್ನೇ ನೋಡಿದ. ನಗುತ್ತಾನೋ ಬೈಯುತ್ತಾನೋ ಎಂದು ನಾನು ಕಾದೆ. ಅವನು ಮತ್ತೆ ಅಂಗಡಿಗೆ ಹೋಗಿ ಮಕ್ಕಳ ಚಪ್ಪಲಿ ಒಂದು ಜೊತೆ ತಂದು ಪ್ರಖ್ಯಾತನಿಗೆ ಕೊಟ್ಟ. ಅದನ್ನು ಕೊಡುವ ಮೊದಲು ಹುಡುಗನ ಪಾದವನ್ನು ಅಂಗೈಯಲ್ಲಿಟ್ಟು ನೋಡಿದ. ಬಾಪ ಬೇರೆ ಕಡೆ ತಿರುಗಿದರು.

ನಾಲ್ಕು ಗಂಟೆಗೆ ದೋಣಿ ದಡಕ್ಕೆ ಬಂತು. ನಾವು ಪಡುಬಿದ್ರಿಯಲ್ಲಿ ಬಸ್ ಬದಲಿಸಿ ನಾಲ್ವರೂ ಬೆಳ್ಮಣ್ಣಿಗೆ ಹೋದೆವು. ಜುಮಾನಾಳ ಮಡಿಲಲ್ಲಿ ಅಂಗಡಿ, ಬಾಪನ ಮಡಿಲಲ್ಲಿ ಶೂ. ದಾರಿಯುದ್ದಕ್ಕೂ ಉಗುರಿನಿಂದ ನೀಲಿ ಅಂಟು ಕೆರೆದರು.

ಲೂಯಿಸ್ ಅಂಗಳದಲ್ಲಿ ನಕ್ಷತ್ರ ಕಟ್ಟುತ್ತಿದ್ದವರು ಏಣಿಯಿಂದ ಇಳಿದು ಬಂದರು. "ಎಂತ ಮೊಯ್ದೀನಾಕ, ಇಡೀ ಅಂಗಡಿಯನ್ನೇ ತಂದಿರಾ?"

"ಹೌದು, ನೋಡಿ" ಎಂದು ಜುಮಾನಾ ಪೆಟ್ಟಿಗೆ ತೋರಿಸಿದಳು.

ಬಾಪ ಬಗ್ಗಲು ಹೋದರು. ಬಸ್ಸಿನಲ್ಲಿ ಕುಳಿತು ಸೊಂಟ ಹಿಡಿದಿತ್ತು. ಸುಹೈಲ್ ಶೂಗಳನ್ನು ಅವರ ಕೈಯಿಂದ ತೆಗೆದುಕೊಂಡು ಲೂಯಿಸ್‌ರ ಎದುರು ಮೊಣಕಾಲೂರಿದ. ಎಡ ಹಾಕಿದ, ಬಲ ಹಾಕಿದ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಎಡದ ಬದಿಯಲ್ಲಿ ಬಿಳಿ ಪಟ್ಟಿಯ ಗುರುತು ಇನ್ನೂ ಇತ್ತು. ಎರಡು ಸಲ ಪಾಲಿಶ್ ಮಾಡಿದರೆ ಹೋಗುತ್ತದೆ ಎಂದ.

ಲೂಯಿಸ್ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದರು. "ಕ್ಲಚ್ಚೂ ಸರಿ, ಬ್ರೇಕೂ ಸರಿ. ಬರುವ ವರ್ಷ ಕಂದು ಬಣ್ಣದ್ದು ನೋಡುವಾ ಮೊಯ್ದೀನಾಕ."

ಬಾಪ ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡರು.

"ಬರುವ ವರ್ಷ ಅಂಗಡಿ ಇಲ್ಲ ಡ್ರೈವರ್. ಅಲ್ಲಿ ಚಹಾ ಸಿಗುತ್ತದೆ. ಶೂವಿಗೆ ಮಣಿಪಾಲಕ್ಕೆ ಹೋಗು, ಇವನ ಹತ್ತಿರ."

"ಅಲ್ಲಿ ಜೊತೆ ಬಿಚ್ಚಿ ಕೊಡುತ್ತಾರಾ?"

ಕೊಡುವುದಿಲ್ಲ ಎಂದು ಸುಹೈಲನಿಗೂ ಗೊತ್ತು, ನನಗೂ ಗೊತ್ತು. ಅವನು ಮೊಣಕಾಲಿನ ಮಣ್ಣು ಕೊಡವಿಕೊಂಡು ಎದ್ದ.

"ಎರಡು ಜೊತೆ ನಾನು ತೆಗೆದಿಡುತ್ತೇನೆ. ನೀವು ಬನ್ನಿ."

ಚಹಾದ ಅಂಗಡಿ ಜನವರಿ ಎಂಟಕ್ಕೆ ಶುರುವಾಯಿತು. ಬಾಪ ಇನ್ನೂ ಆ ಕಡೆಗೆ ಹೋಗಿಲ್ಲ, ಮಸೀದಿಗೆ ಬೇರೆ ದಾರಿ ಹಿಡಿಯುತ್ತಾರೆ. ಜುಮಾನಾಳ ಬೆಂಕಿಪೊಟ್ಟಣದ ಅಂಗಡಿ ಟಿವಿಯ ಮೇಲುಂಟು. ಬಾಪನ ಮಂಚದ ಕೆಳಗೆ, ಈ ವರ್ಷ ಉಳಿದದ್ದೂ ಸೇರಿ, ಈಗ ಹನ್ನೆರಡು ಪೆಟ್ಟಿಗೆ. ಗುಡಿಸುವಾಗ ಪ್ರತಿಸಲ ಎಳೆಯಬೇಕು, ಮತ್ತೆ ಅದೇ ಸಾಲಿನಲ್ಲಿ ಇಡಬೇಕು. ಮಣಿಪಾಲದಲ್ಲಿ ಸುಹೈಲನಿಗೆ ನೋಟೀಸು ಬಂದಿದೆ. ಒಬ್ಬೊಬ್ಬ ಗಿರಾಕಿಗೆ ತುಂಬಾ ಹೊತ್ತು ತೆಗೆದುಕೊಳ್ಳುತ್ತಾನಂತೆ, ಎರಡೂ ಕಾಲು ಅಳೆಯುತ್ತಾನಂತೆ.

ಊಟಕ್ಕೆ ಈಗ ಒಂದೇ ಶಿಫ್ಟ್. ಸುಹೈಲ್ ಕೈ ತೊಳೆದು ಬಂದು ಕುಳಿತ ಕೂಡಲೇ ಬಾಪ ಅನ್ನ ಕಲಸುವುದನ್ನು ನಿಲ್ಲಿಸುತ್ತಾರೆ.

"ಇವತ್ತು ಬಂದನಾ, ಬಲಗಾಲಿನವನು?"

"ಇಲ್ಲ ಬಾಪ. ಇವತ್ತು ಇಲ್ಲ."